ಒಂಬೈನೂರ ನಲವತ್ತೆರಡು ಗಾಡಿಗಳು

ಈ ಟೀಚರಮ್ಮನ ಪರಿಚಯ ನನಗಾದದ್ದು ಒಂದು ಕರಪತ್ರದ ದೆಸೆಯಿಂದ. ನಲವತ್ತೊಂದು ಮಕ್ಕಳ ಅವರ ಶಾಲೆಯನ್ನು ಮುಚ್ಚಿ, ಹೆದ್ದಾರಿಯಾಚೆಯ ದೊಡ್ಡ ಶಾಲೆಗೆ ಸೇರಿಸುತ್ತೇವೆಂದು ಇಲಾಖೆ ಹೇಳಿತ್ತು. ಮೂವತ್ತು ವರ್ಷ ಧಿಕ್ಕಾರ ಕೂಗಿದ ಗಂಟಲು ನನ್ನದು, ಸುಮ್ಮನಿರುತ್ತದೆಯೇ? ಕೂತ ಜಾಗದಲ್ಲೇ ಕರಪತ್ರ ಗೀಚಿ ಒಯ್ದೆ. ‘ಸಾವಿರಾರು ಲಾರಿಗಳು ನಮ್ಮ ಕಂದಮ್ಮಗಳ ರಕ್ತ ಹೀರಲಿವೆ’ ಎಂಬುದು ಮೊದಲ ಸಾಲು.

ಟೀಚರ್ ಕನ್ನಡಕ ಏರಿಸಿಕೊಂಡು ಓದಿದರು. “ಸಾವಿರಾರು ಅಂದ್ರೆ ಎಷ್ಟಣ್ಣ?”

“ಎಷ್ಟೋ ಇರ್ತವಮ್ಮ. ಎಣಿಸ್ಕೊಂಡು ಕೂತಿರೋಕಾಗತ್ತಾ?”

“ನಮ್ಮ ಏಳನೇ ಕ್ಲಾಸಿನವರು ಹೀಗೆ ಬರೆದ್ರೆ ವಾಪಸ್ ಕೊಡ್ತೀನಿ. ರಕ್ತ ಹೀರೋದು ಸೊಳ್ಳೆ, ಲಾರಿ ಅಲ್ಲ.”

ಹಿಂದಿನ ಬೆಂಚಿನ ಮಕ್ಕಳು ಕಿಸಕ್ಕನೆ ನಕ್ಕವು. ಕರಪತ್ರ ನನ್ನ ಕೈಗೇ ವಾಪಸ್ ಬಂತು.

ಅವರ ಪಾಠದ ಕ್ರಮ ಹೀಗಿತ್ತು. ನೋಟ್‌ಬುಕ್ಕಿನ ಎಡಪುಟದಲ್ಲಿ ಮಗು ತನ್ನ ಅಭಿಪ್ರಾಯ ಬರೆಯಬೇಕು. ಬಲಪುಟದಲ್ಲಿ ಅದು ತನಗೆ ಹೇಗೆ ಗೊತ್ತು ಎಂಬುದನ್ನು ಬರೆಯಬೇಕು: ಕಂಡದ್ದು, ಅಳೆದದ್ದು, ಇಲ್ಲವೇ ಇಂಥವರನ್ನು ಕೇಳಿದ್ದು. ‘ಎಲ್ಲರೂ ಹೇಳ್ತಾರೆ’ ಎಂದು ಬರೆದವರ ಪುಟಕ್ಕೆ ಅಡ್ಡಗೆರೆ ಬೀಳುತ್ತಿತ್ತು. ನಲ್ಲಿ ನೀರು ಗಲೀಜು ಎಂದು ಒಬ್ಬ ಬರೆದಾಗ, ಬಾಟಲಿಯಲ್ಲಿ ನೀರು ಹಿಡಿದು ಮೂರು ದಿನ ಕಿಟಕಿಯಲ್ಲಿಡಿಸಿದರು. ತಳದಲ್ಲಿ ಅರ್ಧ ಬೆರಳು ಕೆಸರು ಕೂತಿತು. ಆ ಬಾಟಲಿ ನೋಡಿದ ಮೇಲೆ ಊರಿಗೆ ನೀರು ಬಿಡುವವನು ಕಮಕ್ ಕಿಮಕ್ ಅನ್ನದೆ ತೊಟ್ಟಿ ತೊಳೆಸಿದ.

‘ಎಲ್ಲರೂ ಹೇಳ್ತಾರೆ’ ಎಂಬ ಮಾತಿನ ಮೇಲೆ ಅವರಿಗಿದ್ದ ಹಗೆತನಕ್ಕೆ ಕಾರಣವಿತ್ತು. ಅವರ ತಾಯಿ ಆಸ್ಪತ್ರೆಯಲ್ಲಿ ಆಯಾ. ವಾರ್ಡಿನ ಹೊದಿಕೆ ಕದ್ದಳೆಂದು ಎಲ್ಲರೂ ಹೇಳಿದರು. ಕೆಲಸ ಹೋಯಿತು. ಆಮೇಲೆ ಹೊದಿಕೆಗಳು ಅಗಸನ ಗಂಟಿನಲ್ಲೇ ಸಿಕ್ಕವು, ಹೋದ ಕೆಲಸ ಮಾತ್ರ ಸಿಗಲಿಲ್ಲ. ಇದನ್ನವರು ನನಗೆ ಹೇಳಿದ್ದು ಒಂದೇ ಸಲ, ಅದೂ ಬೋರ್ಡು ಒರೆಸುತ್ತ, ಬೆನ್ನು ಹಾಕಿಕೊಂಡು.

ಶಾಲೆಯ ವಿಷಯವನ್ನು ಮಕ್ಕಳೇ ಬರೆಯಲಿ, ಅಹವಾಲು ಕೇಳಲು ಇಲಾಖೆಯ ಅಧಿಕಾರಿ ಕರೆದಿದ್ದ ಸಭೆಯಲ್ಲಿ ಮಕ್ಕಳೇ ಓದಲಿ ಎಂದರು ಟೀಚರ್. ಏಳನೇ ಕ್ಲಾಸಿನವರನ್ನು ಎರಡು ಗುಂಪು ಮಾಡಿ, ಹೆದ್ದಾರಿಯ ಆ ಬದಿಗೊಂದು ಈ ಬದಿಗೊಂದು ನಿಲ್ಲಿಸಿದರು. ಬೆಳಿಗ್ಗೆ ಒಂದು ತಾಸು ಎಣಿಸಿದಾಗ ಒಂದು ಗುಂಪಿಗೆ ನಾನೂರ ಅರವತ್ತೆಂಟು ಗಾಡಿ, ಇನ್ನೊಂದಕ್ಕೆ ನಾನೂರ ಎಪ್ಪತ್ತನಾಲ್ಕು. ಕೂಡಿದರೆ ಒಂಬೈನೂರ ನಲವತ್ತೆರಡು. ನನಗಂತೂ ಬಾಯಲ್ಲಿ ನೀರೂರಿತು. ನಮ್ಮ ಸಂಘದವರು ಆ ಸಂಖ್ಯೆಯನ್ನು ಬ್ಯಾನರಿಗೆ ಬರೆಸಿಯೇಬಿಟ್ಟರು.

ಸಭೆಯ ಹಿಂದಿನ ದಿನ ಪಂಕ್ಚರ್ ಅಂಗಡಿಯವನ ಮಗಳು ಕೈಯೆತ್ತಿದಳು. ಹಿಡಿಯಷ್ಟಿದ್ದ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಗುಬ್ಬಿ ಎಂದೇ.

“ಟೀಚರ್, ನಾವು ಹೋಗೋ ಗಾಡಿನೂ ಎಣಿಸಿದ್ವಿ, ಬರೋ ಗಾಡಿನೂ ಎಣಿಸಿದ್ವಿ. ಆ ಬದಿ ನಿಂತೋರೂ ಹಂಗೇ ಮಾಡಿದಾರಂತೆ.”

ಟೀಚರ್ ಬೋರ್ಡಿನ ಮೇಲಿದ್ದ ಎರಡು ಸಂಖ್ಯೆಗಳನ್ನು ಮತ್ತೆ ನೋಡಿದರು. ಎರಡು ಗುಂಪಿನವರೂ ಅವೇ ಗಾಡಿಗಳನ್ನು ಎಣಿಸಿದ್ದರು. “ಕಾಣೋ ಗಾಡಿನೆಲ್ಲ ಎಣಿಸಿ ಅಂದೋಳು ನಾನೇ,” ಎಂದರು. “ತಪ್ಪು ನಂದು.”

ನಾನು ಅವರನ್ನು ವರಾಂಡಕ್ಕೆ ಕರೆದೆ. “ಅಮ್ಮಾ, ಆ ಸಾಹೇಬ ರಸ್ತೆಗೆ ಬಂದು ಎಣಿಸ್ತಾನಾ? ಬಾಯಿ ಮುಚ್ಕೊಂಡು ಓದಿಸಿ.”

“ಈ ಮಾತು ಆ ಹುಡುಗಿ ಮುಂದೆ ಹೇಳಿ ನೋಡೋಣ, ಅಣ್ಣ.”

ನನ್ನಿಂದಾಗಲಿಲ್ಲ.

ಸಭೆಯಲ್ಲಿ ಗುಬ್ಬಿ ಎದ್ದು ನಿಂತು ಸುಮಾರು ನಾನೂರ ಎಪ್ಪತ್ತು ಎಂದು ಓದಿದಳು. ಮೊದಲು ತಪ್ಪಾಗಿ ಎಣಿಸಿದ್ದನ್ನೂ ಓದಿದಳು. ಅಧಿಕಾರಿ ಹಳೆಯ ಸಂಖ್ಯೆಯೇ ಇದ್ದ ನಮ್ಮ ಬ್ಯಾನರಿನತ್ತ ಬೆರಳು ತೋರಿ ನಕ್ಕ. “ನೀವೇ ಅರ್ಧ ಮಾಡ್ಕೊಂಡ್ರಿ. ಇನ್ನು ನಾವೇನು ಹೇಳೋದು?” ಎರಡು ವಾರದಲ್ಲಿ ಶಾಲೆಗೆ ಬೀಗ ಬಿತ್ತು. ಟೀಚರನ್ನೂ ಮಕ್ಕಳ ಜತೆ ಆಚೆಯ ಶಾಲೆಗೆ ಹಾಕಿದರು.

ತಾಯಂದಿರು ಅವರೊಡನೆ ಮಾತು ಬಿಟ್ಟರು. ಇಬ್ಬರು ಮಕ್ಕಳನ್ನು ಆ ರಸ್ತೆ ದಾಟಿಸಬೇಕಾಗಿದ್ದ ದರ್ಜಿ ಹೆಂಗಸು ಮಾತ್ರ ಮುಖಕ್ಕೇ ಕೇಳಿದಳು: “ನಿಮ್ಮ ಸತ್ಯ ನಮ್ಮ ಮಕ್ಕಳ ಕೈ ಹಿಡಿದು ರಸ್ತೆ ದಾಟಿಸತ್ತಾ ಟೀಚರ್?” ಪಂಕ್ಚರ್ ಅಂಗಡಿಯವನು ಮಗಳಿಗೆ, “ನಿನ್ನ ಬಾಯಿಗೆ ಒಂದು ಪ್ಯಾಚ್ ಹಾಕಿದ್ರೆ ಶಾಲೆ ಉಳೀತಿತ್ತು,” ಎಂದನಂತೆ. ಅವನು ತಮಾಷೆಗೆ ಅಂದಿರಬಹುದು, ಮಗು ಎರಡು ದಿನ ಉಣ್ಣಲಿಲ್ಲ.

ಹೊಸ ಶಾಲೆಯಲ್ಲಿ ಗುಬ್ಬಿ ಎಡಪುಟದಲ್ಲಿ ಬರೆದಳು: ‘ನಾನು ಲೆಕ್ಕದ ತಪ್ಪು ಹೇಳಿದ್ದರಿಂದ ನಮ್ಮ ಶಾಲೆ ಮುಚ್ಚಿತು.’ ಟೀಚರ್ ಖಾಲಿ ಬಲಪುಟದ ಮೇಲೆ ಬೆರಳಿಟ್ಟು, “ಯಾಕೆ ಮುಚ್ಚಿದ್ರು ಅಂತ ಆದೇಶದಲ್ಲಿ ಬರೆದಿರ್ತಾರೆ. ಅದನ್ನ ಓದಿ ಆಮೇಲೆ ಬರಿ,” ಎಂದರು. ಆದೇಶದ ನಕಲಿಗೆ ಅರ್ಜಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕಾಗಿ ನಾಲ್ಕು ಸಲ ಕಚೇರಿ ಅಲೆದೆ.

ನಕಲು ಬಂದ ದಿನ ದರ್ಜಿ ಹೆಂಗಸಿನ ಮನೆಯಲ್ಲಿ, ಹೊಲಿಗೆ ಮಿಷನ್ನಿನ ಪಕ್ಕ ಎಲ್ಲರೂ ಸೇರಿದರು. ಗುಬ್ಬಿ ಗಟ್ಟಿಯಾಗಿ ಓದಿದಳು. ಗಾಡಿಗಳ ಮಾತೇ ಅದರಲ್ಲಿರಲಿಲ್ಲ. ಸಹಿಯ ಕೆಳಗಿನ ತಾರೀಖು ಬಂದಾಗ ಅವಳು ನಿಲ್ಲಿಸಿದಳು. ಬೆರಳು ಮಡಚಿ ಮಡಚಿ ಎಣಿಸಿದಳು. ಸಭೆ ನಡೆಯುವುದಕ್ಕೆ ಹತ್ತೊಂಬತ್ತು ದಿನ ಮೊದಲೇ ಸಹಿ ಬಿದ್ದಿತ್ತು.

“ಹಂಗಾದ್ರೆ ನಾವು ಏನು ಓದಿದ್ರೂ ಅಷ್ಟೇ ಆಗ್ತಿತ್ತು,” ಎಂದಳು ದರ್ಜಿ ಹೆಂಗಸು.

“ಹೌದಮ್ಮ. ಹಂಗಂತ ನನ್ನ ತಪ್ಪೇನೂ ಸರಿ ಆಗಲ್ಲ,” ಎಂದರು ಟೀಚರ್. “ಆದ್ರೆ ಈ ತಾರೀಖು ಅವರ ಕೈಯಲ್ಲೇ ಬರೆದಿದ್ದು. ಇದನ್ನ ಅರ್ಧ ಮಾಡೋಕೆ ಬರಲ್ಲ.”

ಪಂಕ್ಚರ್ ಅಂಗಡಿಯವನು ಬಾಗಿಲಲ್ಲೇ ನಿಂತಿದ್ದ. ಮಗಳ ಕೈಯಿಂದ ಕಾಗದ ತೆಗೆದುಕೊಂಡು, ಓದಲು ಬಾರದಿದ್ದರೂ, ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ತನ್ನ ಕೈಯ ಮಸಿ ಹತ್ತದ ಹಾಗೆ ಅದನ್ನು ಎರಡು ಬೆರಳಲ್ಲಿ ಹಿಡಿದು ಅವಳಿಗೇ ವಾಪಸ್ ಕೊಟ್ಟ.

ಮೇಲ್ಮನವಿಯನ್ನು ಗುಬ್ಬಿಯೇ ಬರೆದಳು. ಒಂದೇ ಪುಟ. ಅದನ್ನು ಕೊಟ್ಟು ಏಳು ತಿಂಗಳಾಯಿತು, ಉತ್ತರ ಬಂದಿಲ್ಲ. ನಲವತ್ತೊಂದರಲ್ಲಿ ಆರು ಮಕ್ಕಳು ಶಾಲೆಯನ್ನೇ ಬಿಟ್ಟಿವೆ. ಅವರಲ್ಲಿ ಐವರು ಹೆಣ್ಣುಮಕ್ಕಳು. ಉಳಿದವು ಬೆಳಿಗ್ಗೆ ಎಂಟೂವರೆಗೆ ಹೆದ್ದಾರಿಯಂಚಿಗೆ ಬಂದು ಸಾಲಾಗಿ ನಿಲ್ಲುತ್ತವೆ. ಸಾಲಿನ ಹಿಂದೆ ಟೀಚರ್ ಇರುತ್ತಾರೆ. ಮುಂದೆ ದರ್ಜಿ ಹೆಂಗಸು ಕೈ ಅಡ್ಡ ಹಿಡಿದು ರಸ್ತೆಗಿಳಿದು, ಲಾರಿಯವನಿಗೆ ಬೈಯುತ್ತ ದಾರಿ ಮಾಡುತ್ತಾಳೆ.