ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಮಗು

2022ರ ಮಳೆಗಾಲ. ಹಾಸನದಲ್ಲಿ ವಾಕ್ ಮತ್ತು ಶ್ರವಣ ತಜ್ಞೆಯಾಗಿ ನನ್ನ ಸೇವೆಯ ಕೊನೆಯ ವರ್ಷಗಳು ಅವು. ವಾರದಲ್ಲಿ ನಾಲ್ಕು ದಿನ ಹಾಸನದ ಕೇಂದ್ರದಲ್ಲಿರುತ್ತಿದ್ದೆ. ಉಳಿದ ಎರಡು ದಿನ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಗೆ ಸರದಿಯ ಮೇಲೆ ಹೋಗಿ ಶಿಬಿರ ನಡೆಸುತ್ತಿದ್ದೆ. ಮಾತು ತಡವಾದ ಮಕ್ಕಳು, ತೊದಲುವವರು, ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರು, ಕಿವಿ ಮಂದವಾದವರು ಇವರನ್ನೆಲ್ಲ ಪರೀಕ್ಷಿಸಿ ತರಬೇತಿ ಕೊಡುವುದು ನಮ್ಮ ಕೆಲಸ. ಬಸ್ಸಿನಲ್ಲಿ ಪಕ್ಕದವರು ಕೇಳಿದರೆ ‘ಮಾತಿನ ಡಾಕ್ಟರು’ ಎಂದು ಹೇಳಿ ಮುಗಿಸುತ್ತಿದ್ದೆ.

ಆ ವರ್ಷ ಮೂರರಿಂದ ಐದು ವರ್ಷದೊಳಗಿನ ಮಕ್ಕಳೇ ಹೆಚ್ಚಾಗಿ ಬರುತ್ತಿದ್ದರು. ಮಾತು ಕಲಿಯುವ ವಯಸ್ಸಿನ ಎರಡು ವರ್ಷಗಳನ್ನು ಮನೆಯ ನಾಲ್ಕು ಗೋಡೆಗಳ ನಡುವೆ ಕಳೆದ ಮಕ್ಕಳು. ಮಾಸ್ಕಿನಿಂದಲೇ ಮಕ್ಕಳ ಮಾತು ನಿಂತುಹೋಯಿತು ಎಂದು ವಾದಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಾನು ಹಾಗೆ ಹೇಳುವುದಿಲ್ಲ. ನಾನು ಕಂಡ ಬಹಳಷ್ಟು ಮಕ್ಕಳು ಜೊತೆಗಾರರು ಸಿಕ್ಕಿದ ಕೂಡಲೇ ಚೇತರಿಸಿಕೊಂಡರು. ಆದರೆ ಒಂದು ಮಗುವಿನ ಮುಂದೆ ಮುಚ್ಚಿದ ಬಾಯಿಗಳು ಏನು ಮಾಡಿದವು, ಅದಕ್ಕಿಂತ ಹೆಚ್ಚಾಗಿ ತೆರೆದ ಬಾಯಿಗಳು ಏನು ಮಾಡಿದವು ಎಂಬುದನ್ನು ಕಣ್ಣಾರೆ ಕಂಡೆ. ನೆನೆದರೆ ಇವತ್ತಿಗೂ ಹೇಸಿಗೆಯಾಗುತ್ತದೆ. ಹೆಸರುಗಳನ್ನು ಮಾತ್ರ ಬದಲಿಸಿ ಬರೆಯುತ್ತಿದ್ದೇನೆ.

ಜುಲೈ ತಿಂಗಳ ಒಂದು ಗುರುವಾರ ಹೊಳೆನರಸೀಪುರದ ಶಿಬಿರಕ್ಕೆ ಸವಿತಾ ಎಂಬ ತಾಯಿ ತನ್ನ ನಾಲ್ಕು ವರ್ಷದ ಮಗಳು ತನುವನ್ನು ಕರೆತಂದಳು. ಜೊತೆಯಲ್ಲಿ ಅತ್ತೆ ಗೌರಮ್ಮ. ಮಗು ಪಟ್ಟಣದ ಒಂದು ಖಾಸಗಿ ನರ್ಸರಿಯಲ್ಲಿ ಎಲ್‌ಕೆಜಿ ಓದುತ್ತಿತ್ತು.

“ಸ್ಕೂಲ್ನೋರು ಸರ್ಟಿಫಿಕೇಟ್ ತಗಂಬನ್ನಿ ಅಂದವ್ರೆ ಮೇಡಂ,” ಎಂದಳು ಸವಿತಾ, ತಲೆ ಎತ್ತದೆ. “ಬುದ್ಧಿಮಾಂದ್ಯ ಅಂತ ಬರ್ಸ್ಕೊಂಡು ಬಂದ್ರೆ ಬೇರೆ ಕಡೆ ಸೇರ್ಸಕ್ಕೆ ಸುಲ್ಭ ಆಯ್ತದಂತೆ.”

ಗೌರಮ್ಮನಿಗೆ ಆ ಪದವೇ ಸಹ್ಯವಾಗಲಿಲ್ಲ. “ಯಾವ ಮಂದಾನೂ ಇಲ್ಲ ಕಣವ್ವ. ಮನೇಲಿ ನನ್ನ ಮೊಕ ನೋಡ್ಕಂಡು ಎಲ್ಲಾನೂ ಯೋಳ್ತದೆ. ಆ ಇಸ್ಕೂಲ್ಗೆ ಓದ್ರೆ ಮಾತ್ರ ಬಾಯ್ಗೆ ಬೀಗ ಆಕ್ದಂಗೆ ಕೂತ್ಕತದೆ.”

ಮಗುವಿನ ಮುಖದ ಮೇಲೆ ನೀಲಿ ಬಟ್ಟೆಯ ಮಾಸ್ಕ್ ಇತ್ತು, ಅದರ ಮೇಲೆ ಶಾಲೆಯ ಲಾಂಛನ. ನಾನೇ ಮೆಲ್ಲಗೆ ಬಿಚ್ಚಿದೆ. ಒಳಭಾಗ ಜೊಲ್ಲು ಸಿಂಬಳಗಳಿಂದ ತೊಯ್ದು, ಮಳೆಗಾಲದಲ್ಲಿ ಒಣಗದ ಒರೆಸುಬಟ್ಟೆಯ ಹಾಗೆ ಮುಗ್ಗಲು ನಾತ ಹೊಡೆಯುತ್ತಿತ್ತು. ಮಗುವಿನ ತುಟಿಯ ಸುತ್ತ, ಗಲ್ಲದ ಮೇಲೆ ಕೆಂಪು ಗುಳ್ಳೆಗಳು. ಎರಡೇ ಮಾಸ್ಕ್ ಕೊಟ್ಟಿದ್ದಾರೆ, ಒಗೆದರೆ ಒಣಗುವುದಿಲ್ಲ, ಬೇರೆ ಮಾಸ್ಕ್ ಹಾಕಿದರೆ ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ ಎಂದಳು ಸವಿತಾ. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಾಸ್ಕ್ ಬೇಡ ಎಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಅಷ್ಟರಲ್ಲಾಗಲೇ ಹೇಳಿತ್ತು. ಆ ಮಾಸ್ಕನ್ನು ಕಸದ ಬುಟ್ಟಿಗೆ ಹಾಕಿ ಕೈ ತೊಳೆದು ಬಂದೆ.

ಮಾತಿನ ತೊಂದರೆ ಎಂದು ಬರುವ ಯಾವ ಮಗುವಿಗೂ ಮೊದಲು ಕಿವಿಯ ಪರೀಕ್ಷೆ ಮಾಡಬೇಕು. ಅದಕ್ಕೆ ಬೇಕಾದ ಕೋಣೆ, ಯಂತ್ರ ಹಾಸನದಲ್ಲಿದ್ದವು. ಎರಡು ದಿನ ಬಿಟ್ಟು ಅತ್ತೆ ಸೊಸೆ ಮಗುವನ್ನು ಅಲ್ಲಿಗೆ ಕರೆತಂದರು. ಸಣ್ಣ ಮಕ್ಕಳಿಗೆ ಆಟದ ಮೂಲಕ ಪರೀಕ್ಷೆ ಮಾಡುತ್ತೇವೆ. ಹೆಡ್‌ಫೋನಿನಲ್ಲಿ ಸದ್ದು ಕೇಳಿದಾಗಲೆಲ್ಲ ಮಗು ಒಂದು ಮಣಿಯನ್ನು ಡಬ್ಬಿಗೆ ಹಾಕಬೇಕು. ತನುವಿಗೆ ಆಟ ಒಂದೇ ಸಲಕ್ಕೆ ಅರ್ಥವಾಯಿತು. ಬುದ್ಧಿಯ ವಿಷಯದಲ್ಲಿ ನನಗಿದ್ದ ಅರ್ಧ ಅನುಮಾನ ಅಲ್ಲೇ ಹೋಯಿತು. ಆದರೆ ಮೆಲ್ಲನೆಯ ಸದ್ದುಗಳಿಗೆ ಅವಳ ಕೈ ಮಣಿಯನ್ನು ಹಿಡಿದು ಸುಮ್ಮನೆ ಕಾಯುತ್ತಿತ್ತು. ಎರಡೂ ಕಿವಿಗಳಲ್ಲಿ ಸುಮಾರು ಮೂವತ್ತೈದು ಡೆಸಿಬೆಲ್‌ನಷ್ಟು ಕೊರತೆ. ಸರಳವಾಗಿ ಹೇಳಬೇಕೆಂದರೆ, ಎದುರು ಕೂತು ಗಟ್ಟಿಯಾಗಿ ಆಡಿದ ಮಾತು ಕೇಳುತ್ತದೆ, ದೂರದಿಂದ ಆಡಿದ ಮಾತು ಅರ್ಧ ಅಳಿಸಿಹೋಗುತ್ತದೆ. ಕಿವಿಯ ತಮಟೆಯ ಚಲನೆ ಅಳೆಯುವ ಟಿಂಪನೋಮೆಟ್ರಿಯಲ್ಲಿ ಗೆರೆ ಗುಡ್ಡದಂತೆ ಏಳದೆ ಚಪ್ಪಟೆಯಾಗಿ ಬಂತು. ತಮಟೆಯ ಹಿಂದೆ ಅಂಟು ದ್ರವ ತುಂಬಿಕೊಂಡಿದೆ ಎಂಬುದರ ಗುರುತು ಅದು. ಮೇಲಿಂದ ಮೇಲೆ ನೆಗಡಿಯಾಗುವ ಸಣ್ಣ ಮಕ್ಕಳಲ್ಲಿ ಇದು ಸಾಮಾನ್ಯ, ವಾಸಿಯಾಗುವಂಥದ್ದು.

ಆಮೇಲೆ ಮೂರು ಚಿತ್ರಗಳನ್ನು ಮುಂದಿಟ್ಟೆ: ಬಳೆ, ತಲೆ, ಎಲೆ. ನನ್ನ ಬಾಯಿ ಕಾಣುವಂತೆ ಹೇಳಿದಾಗ ತನು ಪ್ರತಿಸಲವೂ ಸರಿಯಾದ ಚಿತ್ರ ಮುಟ್ಟಿದಳು. ಮಾಸ್ಕ್ ಹಾಕಿಕೊಂಡು ಹೇಳಿದೆ. ಬೆರಳು ಮೂರು ಚಿತ್ರಗಳ ನಡುವೆ ಅಲೆದಾಡಿತು. ಎರಡು ಸಲ ತಪ್ಪು ಮುಟ್ಟಿದಳು. ಮೂರನೆಯ ಸಲ ಕೈಯನ್ನೇ ಮಡಿಲಿಗೆ ಎಳೆದುಕೊಂಡು ನನ್ನ ಕಣ್ಣುಗಳನ್ನು ನೋಡುತ್ತಾ ಕುಳಿತಳು. ಶಾಲೆಯಲ್ಲಿ ಅವಳು ಹೇಗೆ ಕೂರುತ್ತಿದ್ದಳು ಎಂದು ನನಗೆ ಆಗ ಗೊತ್ತಾಯಿತು. ಮಗು ಅರ್ಧವನ್ನು ಕಿವಿಯಿಂದ, ಅರ್ಧವನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿತ್ತು. ಗೌರಮ್ಮ ಮುಖ ಮುಂದೆ ತಂದು ದೊಡ್ಡ ದನಿಯಲ್ಲಿ ಮಾತಾಡುವವರು. ತರಗತಿಯಲ್ಲೋ ತುಟಿಯೂ ಇಲ್ಲ, ದನಿಯೂ ಬಟ್ಟೆಯ ಹಿಂದೆ.

ಮುಂದಿನ ಗುರುವಾರ ಶಾಲೆಗೆ ಹೋದೆ. ಟೀಚರ್ ದಿನಕ್ಕೆ ಒಂದು ಗಂಟೆ ಮಾಸ್ಕ್ ತೆಗೆದು ಪಾಠ ಮಾಡಿದರೆ, ತನುವನ್ನು ಮುಂದಿನ ಸಾಲಿನಲ್ಲಿ ಕೂರಿಸಿದರೆ ಸಾಕು ಎಂದು ಕೇಳುವುದಷ್ಟೇ ನನ್ನ ಉದ್ದೇಶ.

ಅಂದು ಆಡಳಿತ ಮಂಡಳಿಯ ಅಧ್ಯಕ್ಷರ ಹುಟ್ಟುಹಬ್ಬವಂತೆ. ಸಭಾಂಗಣದಲ್ಲಿ ಮಕ್ಕಳು ನೀಲಿ ಮಾಸ್ಕ್ ತೊಟ್ಟು ಸಾಲಾಗಿ ಕೂತಿದ್ದರು. ವೇದಿಕೆಯ ಮೇಲಿನ ದೊಡ್ಡವರಲ್ಲಿ ಒಬ್ಬರ ಮುಖದ ಮೇಲೂ ಮಾಸ್ಕ್ ಇರಲಿಲ್ಲ. ಅಧ್ಯಕ್ಷರು ಕೆನ್ನೆ ಉಬ್ಬಿಸಿ, ಎಂಜಲು ಸಿಡಿಯುವಂತೆ ಊದಿ ಮೇಣದಬತ್ತಿ ಆರಿಸಿದರು. ಕೆಮ್ಮಿದರು, ನಕ್ಕರು. ಅದೇ ಕೇಕನ್ನು ಕತ್ತರಿಸಿ ಮಕ್ಕಳಿಗೆ ಹಂಚಿದರು. ಮಕ್ಕಳು ಮಾಸ್ಕ್ ಕೆಳಗೆಳೆದು ತಿಂದರು. “ಫಿನಿಶ್? ಮಾಸ್ಕ್ ಅಪ್!” ಎಂದು ಒಬ್ಬ ಟೀಚರ್ ಕೂಗಿದಾಗ ಕ್ರೀಮು ಮೆತ್ತಿದ ಬಾಯಿಗಳ ಮೇಲೆಯೇ ಮತ್ತೆ ಎಳೆದುಕೊಂಡರು. ನನಗೂ ಒಂದು ತುಂಡು ತಂದರು. ಬೇಡವೆಂದೆ.

ಆ ಸಾಲಿನಲ್ಲಿ ತನು ಇರಲಿಲ್ಲ. ಅವಳನ್ನು ಹುಡುಕಿ ಹೊರಗೆ ಬಂದರೆ, ವರಾಂಡದಲ್ಲಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ, ನೀರಿನ ಬಾಟಲಿ ಅವುಚಿಕೊಂಡು ಚಾಪೆಯ ಮೇಲೆ ಕೂತಿದ್ದಳು. ಒದ್ದೆ ಶೂಗಳ ವಾಸನೆ ಮೂಗಿಗೆ ಬಡಿಯುತ್ತಿತ್ತು. ಎರಡು ವಾರದಿಂದ ಅವಳ ಜಾಗ ಅದೇ ಎಂದು ಅಲ್ಲಿದ್ದ ಆಯಾ ಹೇಳಿದಳು. ನನ್ನನ್ನು ಕಂಡು ತನು ನಗಲಿಲ್ಲ. ನನ್ನ ಬಾಯಿ ಕಾಣುತ್ತಿದೆಯೇ ಎಂದು ಮೊದಲು ನೋಡಿದಳು.

ಪ್ರಿನ್ಸಿಪಾಲರು ತಮ್ಮ ಕೋಣೆಯಲ್ಲಿ ಕಾಫಿ ತರಿಸಿದರು. ವರದಿಯನ್ನು ಮುಂದಿಟ್ಟು ಎಲ್ಲವನ್ನೂ ವಿವರಿಸಿದೆ. ಅವರು ಓದಲಿಲ್ಲ.

“ನಮ್ಮದು ಬ್ರ್ಯಾಂಡ್ ಮೇಡಂ. ಮಾಸ್ಕ್ ನೋಡಿದ್ರೆ ಪೇರೆಂಟ್ಸ್‌ಗೆ ಒಂದು ಡಿಸಿಪ್ಲಿನ್ ಕಾಣುತ್ತೆ. ಒಂದು ಮಗುಗೋಸ್ಕರ ರೂಲ್ಸ್ ಚೇಂಜ್ ಮಾಡಕ್ಕಾಗುತ್ತಾ?”

“ಈ ವಯಸ್ಸಿನ ಮಕ್ಕಳಿಗೆ ಆ ರೂಲೇ ಇಲ್ಲ. ನಿಮಗೂ ಗೊತ್ತು. ಮಾಸ್ಕ್ ಹಾಕದೇನೇ ನನ್ನ ಜೊತೆ ಮಾತಾಡ್ತಿದ್ದೀರಿ.”

ಅವರು ನಕ್ಕರು. ನಂತರ ದನಿ ತಗ್ಗಿಸಿ, ಏನೋ ಉಪಕಾರ ಮಾಡುವವರಂತೆ ಹೇಳಿದರು: “ಅಂಥ ಮಗು ಕ್ಲಾಸಲ್ಲಿದ್ರೆ ಬೇರೆ ಪೇರೆಂಟ್ಸ್ ಅಬ್ಜೆಕ್ಷನ್ ಮಾಡ್ತಾರೆ. ನೀವು ಬುದ್ಧಿಮಾಂದ್ಯ ಅಂತ ಒಂದು ಲೈನ್ ಬರೆದುಕೊಟ್ಬಿಡಿ. ಅವರಿಗೂ ಸರ್ಕಾರದ ಸೌಲಭ್ಯ ಸಿಗುತ್ತೆ, ನಮಗೂ ತಲೆನೋವು ತಪ್ಪುತ್ತೆ.”

ಇಷ್ಟು ವರ್ಷದ ಕೆಲಸದಲ್ಲಿ ಅಜ್ಞಾನ ಬೇಕಾದಷ್ಟು ಕಂಡಿದ್ದೆ. ಮಾತು ಬರದ ಮಕ್ಕಳ ನಾಲಗೆಗೆ ಬಜೆ ತಿಕ್ಕಿ ತಿಕ್ಕಿ ಹುಣ್ಣು ಮಾಡಿದವರನ್ನೂ ಕಂಡಿದ್ದೆ. ಅವರ ಮೇಲೆ ಸಿಟ್ಟು ಬರುತ್ತಿತ್ತು, ಹೇಸಿಗೆ ಆಗುತ್ತಿರಲಿಲ್ಲ. ಅವರು ಮಗು ಮಾತಾಡಲಿ ಎಂದು ಮಾಡುತ್ತಿದ್ದರು. ಈಕೆ ಎಲ್ಲ ತಿಳಿದೂ, ಕಾಫಿ ಹೀರುತ್ತಾ, ನಾಲ್ಕು ವರ್ಷದ ಮಗುವಿನ ಹಣೆಗೆ ಒಂದು ಸುಳ್ಳನ್ನು ಅಂಟಿಸಲು ನನ್ನ ಸಹಿ ಕೇಳುತ್ತಿದ್ದರು.

“ಕಿವಿಯಲ್ಲಿ ದ್ರವ ತುಂಬಿದೆ, ವಾಸಿಯಾಗುತ್ತೆ, ಬುದ್ಧಿ ಚುರುಕಾಗಿದೆ ಅಂತ ಬರೆದುಕೊಡ್ತೀನಿ,” ಎಂದೆ.

“ಅದು ನಮಗೆ ಬೇಡ,” ಎಂದರು.

ಕಾಫಿ ಮುಟ್ಟದೆ ಎದ್ದು ಬಂದೆ. ತಾಲ್ಲೂಕಿನ ಅಧಿಕಾರಿಯೊಬ್ಬರಿಗೂ ವಿಷಯ ತಿಳಿಸಿದೆ. “ಪ್ರೈವೇಟ್‌ನೋರು ಮೇಡಂ, ನಾವೇನ್ ಮಾಡಾಣ?” ಎಂದರು ಅವರು. ಅವರ ಮಾಸ್ಕ್ ಗಲ್ಲದ ಕೆಳಗೆ ಜೋಲುತ್ತಿತ್ತು.

ಸಂಜೆ ತನುವಿನ ಮನೆಗೆ ಹೋದೆ. ತಂದೆ ನಂಜುಂಡಪ್ಪ ತೆಂಗಿನಕಾಯಿ ಮಂಡಿಯ ವ್ಯಾಪಾರಿ. ನಾಲ್ಕು ಜನರ ಮುಂದೆ ತಲೆ ಎತ್ತಿ ಓಡಾಡುವ ಮನುಷ್ಯ. ಕಿವಿಯ ಚಿಕಿತ್ಸೆಗೆ ಕೂಡಲೇ ಒಪ್ಪಿದರು. ಆದರೆ ಮಗುವನ್ನು ಆ ಶಾಲೆಯಿಂದ ಬಿಡಿಸಿ, ಸದ್ಯಕ್ಕೆ ಪಕ್ಕದ ಬೀದಿಯ ಅಂಗನವಾಡಿಗೆ ಕಳಿಸಿ ಎಂದಾಗ ಅವರ ಮುಖ ಗಂಟಿಕ್ಕಿತು. ಅಲ್ಲಿ ಮಕ್ಕಳು ಕಡಿಮೆ, ಕಾರ್ಯಕರ್ತೆ ಮಾಸ್ಕ್ ಇಲ್ಲದೆ ಪಾಠ ಹೇಳಲು ಒಪ್ಪಿದ್ದರು.

“ಅಂಗನವಾಡಿಗಾ? ಜನ ಏನಂದಾರು ಮೇಡಂ? ಆ ಸ್ಕೂಲಲ್ಲಿ ಸೀಟು ಸಿಗೋದೇ ಕಷ್ಟ. ವಸಿ ದಿನ ನೋಡಾಣ ಬುಡಿ.”

ತನು ಎಲ್ಲಿ ಕೂರುತ್ತಿದ್ದಾಳೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಕಂಡದ್ದನ್ನು ಹೇಳಿದೆ. ಗೌರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಲ್ಲಿಯವರೆಗೆ ಬಾಗಿಲ ಬಳಿ ನಿಂತಿದ್ದ ಸವಿತಾ ನಡುಮನೆಗೆ ಬಂದಳು.

“ಜನ ಏನಾರ ಅಂದ್ಕಳ್ಳಿ. ನನ್ನ ಮಗ್ಳು ಚಪ್ಪಲಿ ಕಾಯಕ್ಕೆ ಉಟ್ಟಿಲ್ಲ. ನಾಳೆಯಿಂದ ಅಲ್ಲಿಗೆ ಕಳ್ಸಕಿಲ್ಲ ಅಂದ್ರೆ ಕಳ್ಸಕಿಲ್ಲ.”

ನಂಜುಂಡಪ್ಪ ತಲೆ ತಗ್ಗಿಸಿದರು. ಬೇಡ ಎನ್ನಲಿಲ್ಲ.

ಹಾಸನದ ಇಎನ್‌ಟಿ ವೈದ್ಯರು ಮೂರು ತಿಂಗಳು ಕಾದು ನೋಡಿದರು. ಎಷ್ಟೋ ಮಕ್ಕಳಲ್ಲಿ ದ್ರವ ತಾನಾಗಿಯೇ ಇಳಿದುಹೋಗುತ್ತದೆ. ತನುವಿಗೆ ಇಳಿಯಲಿಲ್ಲ. ದೀಪಾವಳಿ ಕಳೆದ ಮೇಲೆ ಸಣ್ಣ ಶಸ್ತ್ರಚಿಕಿತ್ಸೆ ಮಾಡಿ, ದ್ರವ ತೆಗೆದು, ತಮಟೆಯಲ್ಲಿ ಗ್ರೊಮೆಟ್ ಎಂಬ ಪುಟ್ಟ ನಳಿಗೆ ಕೂರಿಸಿದರು. ಮನೆಗೆ ಬಂದ ಮಾರನೆಯ ದಿನ ಒಗ್ಗರಣೆಯ ಚಟಪಟ ಕೇಳಿ ಮಗು ಅಡುಗೆಮನೆಗೆ ಓಡಿಬಂದು “ಏನದು?” ಎಂದಿತಂತೆ. ಅದನ್ನು ನನಗೆ ಫೋನಿನಲ್ಲಿ ಹೇಳುವಾಗ ಸವಿತಾ ಅಳುತ್ತಿದ್ದಳು. ನಂತರ ವಾರಕ್ಕೊಮ್ಮೆ ತರಬೇತಿ. ಪದಗಳ ಕೊನೆಯನ್ನು ನುಂಗುತ್ತಿದ್ದುದು ನಿಂತಿತು, ‘ಸ’ ‘ಚ’ ಬೇರೆಯಾದವು. ಅಂಗನವಾಡಿಯಲ್ಲಿ ಮೊದಲ ತಿಂಗಳು ಯಾರ ಜೊತೆಯೂ ಬೆರೆಯದಿದ್ದವಳು ಸಂಕ್ರಾಂತಿಯ ಹೊತ್ತಿಗೆ ಬೇರೆ ಮಕ್ಕಳ ಮೇಲೆ ದೂರು ಹೇಳುವಷ್ಟಾದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮರುವರ್ಷ ಬೇಸಿಗೆಯಲ್ಲಿ, ದಾಖಲಾತಿಯ ಕಾಲ, ಹೊಳೆನರಸೀಪುರದಲ್ಲಿ ಬಸ್ಸಿಳಿದೆ. ಬೀದಿಗೆ ಅಡ್ಡಲಾಗಿ ಆ ಶಾಲೆಯ ಫ್ಲೆಕ್ಸ್. ಅದರಲ್ಲಿ ನಗುತ್ತಿರುವ ನಾಲ್ಕು ಮಕ್ಕಳು. ನಡುವೆ ತನು, ಶಾಲೆಗೆ ಸೇರಿದ ದಿನ ತೆಗೆದ ಫೋಟೊ, ಮುಖಕ್ಕೆ ಮಾಸ್ಕ್ ಇಲ್ಲ. ಕೆಳಗೆ ದೊಡ್ಡ ಅಕ್ಷರಗಳಲ್ಲಿ: ‘ಪ್ರತಿ ಮಗುವಿನ ದನಿಗೂ ನಾವು ಕಿವಿಯಾಗುತ್ತೇವೆ. ಅಡ್ಮಿಷನ್ ಆರಂಭ.’ ಮಗು ಚೇತರಿಸಿಕೊಂಡ ಸುದ್ದಿ ಊರಿನಲ್ಲಿ ಹಬ್ಬಿತ್ತು. ಅದನ್ನೂ ತಮ್ಮ ಲೆಕ್ಕಕ್ಕೆ ಬರೆದುಕೊಂಡಿದ್ದರು.

ತನುವಿನ ಮನೆಗೆ ಫೋನ್ ಮಾಡಿದೆ. ನಂಜುಂಡಪ್ಪ ಸ್ಕೂಟರಿನಲ್ಲಿ ಮಗಳನ್ನು ಮುಂದೆ ನಿಲ್ಲಿಸಿಕೊಂಡು ಬಂದರು. ಪಕ್ಕದ ಅಂಗಡಿಯಿಂದ ಏಣಿ ಕೇಳಿ ತಂದು, ಪಂಚೆ ಎತ್ತಿಕಟ್ಟಿ ತಾವೇ ಹತ್ತಿ, ಮಂಡಿಯ ಚಾಕುವಿನಿಂದ ಹಗ್ಗ ಕೊಯ್ದರು. ಫ್ಲೆಕ್ಸ್ ಧೂಳೆಬ್ಬಿಸುತ್ತಾ ಕೆಳಗೆ ಬಿತ್ತು. ಯಾರೋ ಸುದ್ದಿ ಮುಟ್ಟಿಸಿರಬೇಕು, ಪ್ರಿನ್ಸಿಪಾಲರು ಕಾರಿನಲ್ಲಿ ಬಂದಿಳಿದರು.

“ಯಾಕ್ ಸರ್? ನಿಮ್ಮ ಮಗುಗೂ ಪಬ್ಲಿಸಿಟಿ ಅಲ್ವಾ?”

“ನನ್ನ ಮಗ್ಳುನ್ನ ಮೂಲೇಲಿ ಕೂರ್ಸಿದ್ರಲ್ಲ, ಆಗ ಎಲ್ಲೋಗಿತ್ತು ಮೇಡಂ ನಿಮ್ಮ ಕಿವಿ?” ಎಂದರು ನಂಜುಂಡಪ್ಪ. ಸುತ್ತ ಜನ ಸೇರಿದ್ದರು. ಜನ ಏನಂದಾರು ಎಂಬ ಅಳುಕು ಆ ಹೊತ್ತು ಅವರಲ್ಲಿ ಕಾಣಲಿಲ್ಲ.

ಪ್ರಿನ್ಸಿಪಾಲರು ಜನರ ಕಡೆ ನೋಡಿ ನಗೆ ತಂದುಕೊಂಡು, ಬಗ್ಗಿ ತನುವಿನ ಕೆನ್ನೆ ಮುಟ್ಟಿದರು. “ಏನ್ ಪುಟ್ಟಾ, ಮಿಸ್‌ಗೆ ಹಾಯ್ ಹೇಳು.” ತನು ಅಪ್ಪನ ಪಂಚೆಯ ಹಿಂದೆ ಸರಿದು ಅವರನ್ನೇ ನೋಡುತ್ತಾ ನಿಂತಳು. ತುಟಿ ಬಿಚ್ಚಲಿಲ್ಲ.

“ನೋಡಿ,” ಎಂದರು ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ, “ಇನ್ನೂ ಮಾತು ಬಂದಿಲ್ಲ.”

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ತನು ಹಾಗೇ ನಿಂತಿದ್ದಳು. ಮರೆಯಾಯಿತೋ ಇಲ್ಲವೋ ಶುರು: ಆ ಏಣಿ ಯಾರದ್ದು, ಅಪ್ಪ ಬಿದ್ದಿದ್ದರೆ ಏನಾಗುತ್ತಿತ್ತು, ಫೋಟೊದಲ್ಲಿ ತನ್ನ ಪಕ್ಕ ಇದ್ದವನು ಒಂದು ದಿನ ತನಗೆ ಚಿವುಟಿದ್ದ, ತನಗೆ ಈಗಲೇ ಕಬ್ಬಿನಹಾಲು ಬೇಕು, ಐಸ್ ಬೇಡ. ಉಸಿರು ಬಿಡದ ಮಾತು.

ಆ ಶಾಲೆ ಈಗಲೂ ನಡೆಯುತ್ತಿದೆ. ಚನ್ನರಾಯಪಟ್ಟಣದಲ್ಲೂ ಒಂದು ಶಾಖೆ ತೆರೆದಿದ್ದಾರೆಂದು ಕೇಳಿದ್ದೇನೆ. ನಾನು ನಿವೃತ್ತಳಾಗಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬಂದ ಹುಡುಗಿಯರು ಸಲಹೆ ಕೇಳಿ ಮನೆಗೆ ಬರುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ. ಸರ್ಟಿಫಿಕೇಟ್ ಕೇಳಿಕೊಂಡು ಬಂದವರನ್ನು ಮೊದಲು ಕಿವಿ ಪರೀಕ್ಷೆಗೆ ಕಳಿಸಿ. ಮತ್ತೆ, ‘ಈ ಮಗು ಮಾತಾಡುವುದಿಲ್ಲ’ ಎಂದು ಯಾರಾದರೂ ಹೇಳಿದರೆ, ಪೆನ್ನು ಎತ್ತಿಕೊಳ್ಳುವ ಮೊದಲು ಕೇಳಿ: ಯಾರ ಹತ್ತಿರ?