ಭಾವಮೈದುನನ ಕಾಲ್ಗುಣ

ಬೀದಿಯ ಕೆಟ್ಟ ಮೋಟಾರುಗಳಿಗೆಲ್ಲ ಜೀವ ಕೊಡುವ ಮೆಕ್ಯಾನಿಕ್‌ನ ಮನೆಯಲ್ಲೇ ಕಂಪ್ಯೂಟರು ಮೂರು ಸಲ ಬೀಪ್ ಎಂದು ಕೂಗಿ, ಪರದೆ ಕಪ್ಪು ಮಾಡಿಕೊಂಡು ಕೂತಿತ್ತು. ಹೆಂಡತಿ ಗಂಡನನ್ನು ಒಂದು ಮಾತೂ ಕೇಳದೆ ತನ್ನ ತಮ್ಮನಿಗೆ ಫೋನ್ ಮಾಡಿದಳು. ಮೆಕ್ಯಾನಿಕ್‌ಗೆ ಮೈಯೆಲ್ಲ ಉರಿದುಹೋಯಿತು. ಭಾವಮೈದುನ ಬರುವಷ್ಟರಲ್ಲಿ ತಾನೇ ಸರಿಮಾಡಬೇಕೆಂದು ಹಟಕ್ಕೆ ಬಿದ್ದು ಡಬ್ಬ ಬಿಚ್ಚಿದ. ಒಳಗಿದ್ದ ಮೆಮೊರಿ ಪಟ್ಟಿಯನ್ನು, ಅಂದರೆ ರ‍್ಯಾಮ್ ಅನ್ನು, ಹೊರತೆಗೆದು, ಅದರ ಕೊಳೆ ಹಿಡಿದ ಹಳದಿ ಅಂಚನ್ನು ಮಗಳ ರಬ್ಬರಿನಿಂದ ಉಜ್ಜಿ, ಮತ್ತೆ ಒತ್ತಿ ಕೂರಿಸಿ ಸ್ವಿಚ್ ಹಾಕಿದ. ಪರದೆ ಬೆಳಗಿತು. ಅದೇ ಹೊತ್ತಿಗೆ ಭಾವಮೈದುನ ಒಳಗೆ ಬಂದ.

“ನೋಡ್ರೀ, ನನ್ನ ತಮ್ಮ ಹೊಸ್ತಿಲು ತುಳಿದಿದ್ದೇ ತಡ, ಸರಿಹೋಯ್ತು! ಎಂಥಾ ಕಾಲ್ಗುಣ!” ಎಂದಳು ಹೆಂಡತಿ.

ಭಾವಮೈದುನ ಸುಮ್ಮನೆ ನಕ್ಕ.

ಆ ನಗು ಕಂಡು ಮೆಕ್ಯಾನಿಕ್‌ನ ಪಿತ್ತ ನೆತ್ತಿಗೇರಿತು. ಪ್ಲಗ್ಗು ಕಿತ್ತ, ಪಟ್ಟಿಯನ್ನು ಮತ್ತೆ ಹೊರತೆಗೆದು ಭಾವಮೈದುನನ ಅಂಗೈಗೆ ಹಾಕಿದ.

“ತಗೊಳಪ್ಪಾ, ಈಗ ನಿನ್ನ ಕಾಲಿಂದಲೇ ಕೂರಿಸು!”