ಡ್ರಾಯಿಂಗ್ ಮೇಷ್ಟ್ರ ಮೈ

ಎಡ ಹೆಗಲನ್ನು ಕಿವಿಯವರೆಗೆ ಎತ್ತಿ, ಬಲ ಹೆಗಲನ್ನು ಇಳಿಬಿಟ್ಟು, ಸೊಂಟ ಓರೆ ಮಾಡಿಕೊಂಡು ನಮ್ಮ ಡ್ರಾಯಿಂಗ್ ಮೇಷ್ಟ್ರು ಚಳ್ಳಕೆರೆಯ ಮಾರುಕಟ್ಟೆ ಪ್ರಾಂಗಣದಲ್ಲಿ ನಿಂತುಬಿಡುತ್ತಿದ್ದರು. ಬೆನ್ನ ಮೇಲೆ ಚೀಲವಿಲ್ಲ, ಆದರೂ ಕತ್ತಿನ ನರ ಉಬ್ಬಿರುತ್ತಿತ್ತು. ಹಮಾಲಿಯ ನಡಿಗೆಯನ್ನು ಮೊದಲು ತಮ್ಮ ಮೈಗೆ ತಂದುಕೊಂಡು, ಆಮೇಲೆ ಕಾಗದಕ್ಕೆ ಇಳಿಸುವುದು ಅವರ ಪದ್ಧತಿ.

“ಮೇಷ್ಟ್ರಿಗೆ ಗಾಳಿ ಹಿಡಿದೈತೆ ಕಣ್ರಲೇ, ಬೇವಿನ ಸೊಪ್ಪು ತರ್ರಿ” ಎಂದು ಹಮಾಲರು ನಗುತ್ತಿದ್ದರು.

“ಸುಮ್ನೆ ಹೊರ್ರಲೇ. ಮುಂದಿನ ಹೆಜ್ಜೆ ಇನ್ನೂ ಸಿಕ್ಕಿಲ್ಲ” ಎನ್ನುತ್ತಿದ್ದರು ಇವರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಎಂ.ಎ. ಮುಗಿಸಿ ಅಲ್ಲಿನ ಹೈಸ್ಕೂಲೊಂದಕ್ಕೆ ಕನ್ನಡ ಕಲಿಸಲು ಸೇರಿದಾಗ ಅವರು ನನ್ನ ಹಿರಿಯ ಸಹೋದ್ಯೋಗಿ. ಮೊಳಕಾಲ್ಮುರಿನ ನೇಕಾರರ ಮನೆಯವರು. ಹುಣಸೆ ಕಡ್ಡಿ ಸುಟ್ಟು ಇದ್ದಿಲನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಅವರು ಬರೆದ ಮನುಷ್ಯರಿಗೆ ಮುಖವಿರುತ್ತಿರಲಿಲ್ಲ. ಒಂದೊಂದು ಕಾಲಿಗೂ ನಾಲ್ಕೈದು ಗೆರೆ, ಒಂದರ ಮೇಲೊಂದು.

“ಇದ್ರಲ್ಲಿ ಸರಿಯಾದ ಗೆರೆ ಯಾವ್ದು ಸರ್?” ಎಂದು ಒಮ್ಮೆ ಕೇಳಿದ್ದೆ.

“ಎಲ್ಲಾ ಸರೀನೇ. ಅವ್ನು ಎಲ್ಲಾ ಕಡೆ ಇದ್ನಲ್ಲಪ್ಪಾ.”

ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವರೊಂದಿಗೆ ಪ್ರಾಂಗಣಕ್ಕೆ ಹೋಗಿದ್ದೆ. ಕಡಲೆಕಾಯಿ ಚೀಲಗಳನ್ನು ಆಳೆತ್ತರಕ್ಕಿಂತ ಎತ್ತರವಾಗಿ ನಿಟ್ಟು ಒಟ್ಟಿದ್ದರು. ಅದರ ಬುಡದಲ್ಲಿ ಆಂಧ್ರದ ಕಡೆಯಿಂದ ಹೊಸದಾಗಿ ಬಂದಿದ್ದ ಹಮಾಲಿಯೊಬ್ಬ ಚೆಲ್ಲಿದ ಕಾಯಿ ಬಳಿಯುತ್ತಿದ್ದ. ಮೇಷ್ಟ್ರು ಕಾಗದದಿಂದ ತಲೆಯೆತ್ತಿ ಮೆಲ್ಲಗೆ ಅಂದರು: “ಆ ನಿಟ್ಟು ನಿಂತಿಲ್ಲ. ನಡೀತೈತೆ.”

ನೋಡಿದೆ. ಮೇಲಿನ ಸಾಲು ನಿಜವಾಗಿಯೂ ಮುಂದಕ್ಕೆ ಜರುಗುತ್ತಿತ್ತು. “ತಡಿ, ತಡಿ” ಎಂದು ಕೂಗಿದೆ.

ಕನ್ನಡದಲ್ಲಿ ಅದು ನಿಲ್ಲು ಎಂಬ ಮಾತು. ತೆಲುಗಿನಲ್ಲಿ ತಡಿ ಎಂದರೆ ಒದ್ದೆ. ನಾನು ಆಂಧ್ರದ ಗಡಿಗಂಟಿದ ರಾಂಪುರದವನು, ನಮ್ಮವ್ವ ತೆಲುಗಿನವಳು, ಎರಡೂ ನನಗೆ ಗೊತ್ತಿತ್ತು. ಬಾಯಿಗೆ ಬಂದದ್ದು ಮಾತ್ರ ಅದೇ. ಅವನು ಪೊರಕೆ ಬಿಟ್ಟು, ನಿಟ್ಟಿಗೆ ಇನ್ನಷ್ಟು ಹತ್ತಿರವಾಗಿ ಬಗ್ಗಿ, ಕೆಳಗಿನ ಚೀಲವನ್ನು ಒತ್ತಿ ನೋಡಿದ. ನಮ್ಮ ಕಡೆ ತಿರುಗಿ ನಗುತ್ತಾ, “ತಡಿ ಲೇದು ಸಾರ್” ಎಂದ. ಒದ್ದೆಯಾಗಿಲ್ಲವಂತೆ.

ತೆಲುಗಿನ ಮಾತಿಗಾಗಿ ನಾನು ಇನ್ನೂ ತಡಕಾಡುತ್ತಿದ್ದೆ. ಮೇಷ್ಟ್ರು ಏನೂ ಕೂಗಲಿಲ್ಲ. ಅವನ ಕಣ್ಣೆದುರು ಎರಡೂ ತೋಳು ಹಿಂದಕ್ಕೆಸೆದು, ಎದೆಗೆ ಗುದ್ದು ಬಿದ್ದವರಂತೆ ಹಿಮ್ಮುಖವಾಗಿ ಜಿಗಿದು, ಅಂಗಾತ ಬಿದ್ದರು. ಅದನ್ನು ಕಂಡು ಬೆಚ್ಚಿದ ಅವನ ಮೈಯೂ ಹಾಗೆಯೇ ಹಿಂದಕ್ಕೆ ಹಾರಿತು. ಚೀಲಗಳು ಅವನು ಬಗ್ಗಿದ್ದ ಜಾಗದ ಮೇಲೆ ಬಂದವು. ದೂಳು ಇಳಿದಾಗ ಪೊರಕೆಯ ಹಿಡಿ ಮಾತ್ರ ಕಾಣುತ್ತಿತ್ತು.

ಮುಂದಿನ ವಾರವೆಲ್ಲ ನಾನು ಬೋರ್ಡಿನ ಮೇಲೆ ನೆಟ್ಟಗೆ ಒಂದು ಸಾಲು ಬರೆಯಲಾರದೆ ಹೋದೆ. ಮೇಷ್ಟ್ರು ಗಮನಿಸಿದರು. ಡ್ರಾಯಿಂಗ್ ಕೋಣೆಗೆ ಕರೆದು, ಆ ಹಮಾಲಿ ಬಗ್ಗಿದ್ದಂತೆಯೇ ನನ್ನನ್ನು ಬಗ್ಗಿಸಿ, ಗೋಡೆಗೆ ಕೈ ಒತ್ತಿಸಿ ನಿಲ್ಲಿಸಿದರು. “ಹಂಗೇ ಇರು.” ತೊಡೆ ನಡುಗಿತು, ಬೋಳು ಕತ್ತಿನ ಮೇಲೆ ಗಾಳಿ ಆಡಿತು. ಇದ್ದಿಲಿನ ಸದ್ದು ನಿಂತ ಮೇಲೆ ಅವರು ಕಾಗದವನ್ನು ಸುತ್ತಿ ನನ್ನ ಕೈಗಿಟ್ಟರು. “ಅವ್ನಿಗೆ ಕೊಟ್ಟು ಬಾ. ಕೂಗಿದ್ದು ನೀನೇ ಅಂತ ಹೇಳಿ ಕೊಡು.”

ಹೋಗದೆ ಎರಡು ದಿನ ಕಳೆದೆ. ಮೂರನೆಯ ದಿನ, “ಹೋಗಿದ್ಯಾ?” ಎಂದಷ್ಟೇ ಕೇಳಿದರು. ಹೋದೆ.

ಅವನು ಚಿತ್ರವನ್ನು ಅಡ್ಡ ಉದ್ದ ತಿರುಗಿಸಿ ನೋಡಿದ. “ಇದೆವರು ಸಾರ್, ನೇನಾ?” ಇದು ತಾನೇನಾ ಎಂದು ಕೇಳಿದ.

ನಿಂತ ಮೈ ನನ್ನದು, ಜಾಗ ನಿನ್ನದು ಎಂದು ತೆಲುಗಿನಲ್ಲೇ ಅಂದೆ. ತಡಿ ಎಂದು ಕೂಗಿದವನು ನಾನೇ ಎಂದೂ ಹೇಳಿದೆ. ಅವನು ಕಾಗದವನ್ನು ಜೋಪಾನವಾಗಿ ಸುತ್ತಿಟ್ಟ. ಆಮೇಲೆ, “ಕೂಸೋಂಡಿ ಸಾರ್” ಎಂದು ಚೀಲ ಹಾಸಿ, ತನ್ನ ಟೀಯಲ್ಲಿ ಅರ್ಧವನ್ನು ಸಾಸರಿಗೆ ಸುರಿದು ನನ್ನ ಮುಂದೆ ಹಿಡಿದ.

ಮೇಷ್ಟ್ರು ತೀರಿಕೊಂಡು ಬಹಳ ವರ್ಷವಾಯಿತು. ಚೀಲ ಬಿದ್ದ ಸದ್ದು ನನಗೆ ಈಗಲೂ ಯಾವಾಗೆಂದರೆ ಆವಾಗ ಕೇಳಿಸುತ್ತದೆ, ಅವನು ಮತ್ತೆ ಬಗ್ಗುತ್ತಾನೆ. ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ, ಆ ಸಾಸರಿನವರೆಗೂ ಹೋಗುತ್ತದೆ. ಅಷ್ಟು ದೂರ ನನ್ನನ್ನು ನಡೆಸಿದವರು ಅವರು.